ಯಾವ ಪುಟದಲ್ಲಿ ನಿಮ್ಮ ಕೈ ನಿಂತಿತು?

ರಕ್ತಪಾತ ತುಂಬಿದ ಚಿತ್ರಕಾದಂಬರಿ (ಗ್ರಾಫಿಕ್ ನಾವೆಲ್) ಓದಿ ಮುಗಿಸಿದವರನ್ನು ‘ಹೇಗಿತ್ತು?’ ಅಂತ ಕೇಳಿದರೆ ಹೆಚ್ಚಾಗಿ ಎರಡೇ ಉತ್ತರ ಸಿಗುತ್ತವೆ. ಒಂದು ‘ಸಖತ್ತಾಗಿದೆ’. ಇನ್ನೊಂದು ‘ಥೂ, ಇದನ್ನೆಲ್ಲ ಯಾಕೆ ಓದ್ಬೇಕು?’ ಎರಡೂ ಮನಸ್ಸಿನಿಂದ ಬಂದ ಉತ್ತರಗಳೇ. ಆದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಅದಕ್ಕೇ ನಾನು ಆ ಪ್ರಶ್ನೆ ಕೇಳುವುದನ್ನು ಬಿಟ್ಟೆ. ‘ಯಾವ ಪುಟದಲ್ಲಿ ನಿಮ್ಮ ಕೈ ನಿಂತಿತು?’ ಅಂತ ಕೇಳತೊಡಗಿದೆ. ಜನ ನಿಜವಾಗಿ ಏನು ಓದಿದರು ಅನ್ನೋದು ಆಮೇಲೆ ತಿಳಿಯತೊಡಗಿತು.

ಬಸವನಗುಡಿಯಲ್ಲಿ ಗೆಳೆಯರೊಬ್ಬರ ಮನೆಯ ಮಹಡಿ ಮೇಲೆ ಕೆಲವು ಭಾನುವಾರ ನಾವೊಂದಷ್ಟು ಜನ ಸೇರುತ್ತೇವೆ. ಚಿತ್ರಕಾದಂಬರಿ ಓದಿ ಮಾತಾಡುತ್ತೇವೆ. ಪುಸ್ತಕ ಆರಿಸುವುದು, ಮಾತು ನಡೆಸುವುದು ನನ್ನ ಪಾಲಿನ ಕೆಲಸ. ಪುರಾಣದ ಕಥೆ, ಯುದ್ಧದ ನೆನಪು, ಜೀವನಚರಿತ್ರೆ ಎಲ್ಲ ಆದ ಮೇಲೆ ಫ್ರಾಂಕ್ ಮಿಲ್ಲರ್ ಅವರ ‘ಸಿನ್ ಸಿಟಿ’ಯ ಮೊದಲ ಕಥೆ ತೆಗೆದುಕೊಂಡೆ. 1991ರಲ್ಲಿ ಅಮೆರಿಕದ ಡಾರ್ಕ್ ಹಾರ್ಸ್ ಪ್ರಕಾಶನದ ಪತ್ರಿಕೆಯಲ್ಲಿ ಕಂತು ಕಂತಾಗಿ ಶುರುವಾದ ಕಥೆ ಅದು. ಮಾರ್ವ್ ಅಂತ ಒಬ್ಬ ದೈತ್ಯ. ಅವನ ಜೊತೆ ಪ್ರೀತಿಯಿಂದ ಒಂದು ರಾತ್ರಿ ಕಳೆದ ಗೋಲ್ಡಿ ಎಂಬ ಹೆಣ್ಣು, ಅವನಿಗೆ ಎಚ್ಚರವಾದಾಗ ಪಕ್ಕದಲ್ಲೇ ಹೆಣವಾಗಿರುತ್ತಾಳೆ. ಕೊಂದವರನ್ನು ಹುಡುಕಿಕೊಂಡು ಅವನು ಹೊರಡುತ್ತಾನೆ. ದಾರಿಯಲ್ಲಿ ಸಿಕ್ಕವರಿಗೆ ಹಿಂಸೆ ಕೊಟ್ಟು ಬಾಯಿ ಬಿಡಿಸುತ್ತಾನೆ. ಪುಸ್ತಕದಲ್ಲಿ ಇರುವುದು ಗಾಢ ಕಪ್ಪು ಮತ್ತು ಖಾಲಿ ಬಿಳಿ ಮಾತ್ರ.

ಯಾಕೆ ಇದೇ ಪುಸ್ತಕ? ನಮ್ಮೂರಿನ ಜನಕ್ಕೆ ಲಾಂಗು-ಮಚ್ಚಿನ ಸಿನಿಮಾ ಹೊಸದಲ್ಲ. 1995ರ ‘ಓಂ’ ನೋಡಿ ಬೆಳೆದ ಕಣ್ಣುಗಳು ಇವು. ತೆರೆಯ ಮೇಲೆ ಅಷ್ಟು ರಕ್ತ ನೋಡಿದ ಅದೇ ಕಣ್ಣು, ಅಲುಗಾಡದ ಒಂದು ಚಿತ್ರದ ಮುಂದೆ ಏನು ಮಾಡುತ್ತದೆ ಅಂತ ನೋಡುವ ಆಸೆ ನನಗೆ ತುಂಬ ದಿನದಿಂದ ಇತ್ತು.

ಕರೆಯುವಾಗಲೇ ಇಪ್ಪತ್ತು ದಾಟಿದವರು ಮಾತ್ರ ಬನ್ನಿ ಅಂದೆ. ಹದಿನೆಂಟು ಸಾಲದಾ ಅಂತ ಒಬ್ಬರು ಕೇಳಿದರು. ನಮ್ಮ ದೇಶದಲ್ಲಿ 1956ರ ಒಂದು ಕಾನೂನಿದೆ. ಅಪರಾಧ, ಕ್ರೌರ್ಯ, ಅಸಹ್ಯ ಹುಟ್ಟಿಸುವ ಘಟನೆಗಳನ್ನೇ ಮುಖ್ಯವಾಗಿ ಹೇಳಿ ಎಳೆಯರನ್ನು ಕೆಡಿಸುವಂಥ ಪುಸ್ತಕ ಮಾರಿದರೆ ಆರು ತಿಂಗಳವರೆಗೆ ಜೈಲು ಅನ್ನುತ್ತದೆ. ಚಿತ್ರಗಳಲ್ಲಿ ಹೇಳಿದ ಕಥೆ ಅಂತ ಅದರಲ್ಲಿ ಬಿಡಿಸಿಯೇ ಹೇಳಿದೆ. ಆ ಕಾನೂನಿನ ಲೆಕ್ಕದಲ್ಲಿ ಎಳೆಯರು ಅಂದರೆ ಇಪ್ಪತ್ತರ ಒಳಗಿನವರು. ನಾವೇನೂ ಪುಸ್ತಕ ಮಾರುತ್ತಿರಲಿಲ್ಲ, ಆದರೂ ಆ ಗೆರೆ ನನಗೆ ಸರಿ ಅನ್ನಿಸಿತು.

ಆ ಕಾಲಕ್ಕೆ ಈ ಭಯ ಬರೀ ನಮ್ಮದಾಗಿರಲಿಲ್ಲ. ಬ್ರಿಟನ್ನಿನಲ್ಲಿ ಇಂಥದ್ದೇ ಕಾನೂನು 1955ರಲ್ಲಿ ಬಂತು. ಅಮೆರಿಕದಲ್ಲಿ 1954ರಲ್ಲಿ ಸೆನೆಟ್ ಸಮಿತಿ ಕಾಮಿಕ್ಸ್ ಪ್ರಕಾಶಕರನ್ನು ಕರೆಸಿ ವಿಚಾರಣೆ ಮಾಡಿತು. ಕತ್ತರಿಸಿದ ಹೆಣ್ಣಿನ ತಲೆ ಇದ್ದ ಮುಖಪುಟ ತೋರಿಸಿ ಇದು ಒಳ್ಳೆಯ ಅಭಿರುಚಿಯಾ ಅಂತ ಕೇಳಿದಾಗ ಪ್ರಕಾಶಕ ವಿಲಿಯಂ ಗೇನ್ಸ್ ಹೌದು ಅಂದರು. ತಲೆಯನ್ನು ಇನ್ನೂ ಮೇಲೆತ್ತಿ ಕತ್ತಿನಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಕೆಟ್ಟ ಅಭಿರುಚಿ ಆಗುತ್ತಿತ್ತು ಅಂತ ವಿವರಿಸಿದರು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಒಂದು ಕಟ್ಟಳೆ ಮಾಡಿಕೊಂಡರು. ಅಪರಾಧಿಗೆ ಶಿಕ್ಷೆ ಆಗಲೇಬೇಕು, ಒಳ್ಳೆಯದೇ ಗೆಲ್ಲಬೇಕು. ಇದನ್ನೆಲ್ಲ ಓದುವ ಮುಂಚೆ ನಾನು ಹೇಳಲಿಲ್ಲ. ಮೊದಲೇ ಹೇಳಿದ್ದರೆ ಎಲ್ಲರೂ ಪರ ಅಥವಾ ವಿರೋಧ ಅಂತ ನಿಂತುಬಿಡುತ್ತಿದ್ದರು.

ಮುಂಚೆ ಹೇಳಿದ್ದು ಇಷ್ಟೇ. ಕೈಕಾಲು ಕಡಿಯುವುದು ಇದೆ, ನರಭಕ್ಷಣೆ ಇದೆ, ಹಿಂಸೆ ಕೊಡುವುದು ಇದೆ, ಹೆಣ್ಣಿನ ಬೆತ್ತಲೆ ದೇಹ ಬಹಳ ಇದೆ. ಯಾವಾಗ ಬೇಕಾದರೂ ಪುಸ್ತಕ ಮುಚ್ಚಬಹುದು, ಎದ್ದು ಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ. ಹೀಗೆ ಹೇಳಿದ್ದಕ್ಕೆ ಕೆಲವರು ಬರಲೇ ಇಲ್ಲ. ಅದು ಅವರಿಗೆ ಒಳ್ಳೆಯದೇ ಆಯಿತು.

ಪ್ರತಿಗಳು ಕಮ್ಮಿ ಇದ್ದವು. ಗೋಡೆ ಮೇಲೆ ಪ್ರೊಜೆಕ್ಟರಿನಲ್ಲಿ ತೋರಿಸಬಹುದು ಅಂತ ಯಾರೋ ಅಂದರು. ನಾನು ಬೇಡ ಅಂದೆ. ಪುಟ ತಿರುಗಿಸುವ ಕೈ ಓದುಗರದ್ದೇ ಆಗಿರಬೇಕು. ಇಬ್ಬಿಬ್ಬರಿಗೆ ಒಂದೊಂದು ಪ್ರತಿ ಕೊಟ್ಟೆ. ಇಂಗ್ಲಿಷ್ ಕಷ್ಟ ಅನ್ನುವವರ ಪಕ್ಕ ಓದಬಲ್ಲವರನ್ನು ಕೂರಿಸಿದೆ. ಇದರಿಂದ ನಾನು ಎಣಿಸದ ಒಂದು ಲಾಭ ಆಯಿತು. ಒಬ್ಬರು ಪುಟ ತಿರುಗಿಸಲು ಹೊರಟರೆ ಇನ್ನೊಬ್ಬರು ‘ತಾಳಿ, ತಾಳಿ’ ಅಂತ ಹಿಡಿಯುತ್ತಿದ್ದರು. ಇಲ್ಲವೇ ‘ಬೇಗ ತಿರುಗಿಸಿ’ ಅನ್ನುತ್ತಿದ್ದರು. ಯಾರು ಎಲ್ಲಿ ಹಾಗೆ ಅಂದರು ಅಂತ ಗುರುತು ಹಾಕಿಕೊಳ್ಳುತ್ತಾ ನಾನು ಮೂಲೆಯಲ್ಲಿ ಕೂತೆ. ಓದಿನ ಪ್ರತಿಕ್ರಿಯೆ ಅಂತ ಒಂದಿದ್ದರೆ ಅಲ್ಲೇ ಇತ್ತು. ಆಮೇಲೆ ಬಾಯಲ್ಲಿ ಬಂದದ್ದು ಅದರ ಸಮಜಾಯಿಷಿ.

ಓದು ಮುಗಿದ ಮೇಲೆ ತಕ್ಷಣ ಮಾತಿಗೆ ಬಿಡಲಿಲ್ಲ. ಎಲ್ಲರಿಗೂ ಚೀಟಿ ಕೊಟ್ಟೆ. ಕೈ ನಿಂತ ಪುಟ ಯಾವುದು, ಆ ಪುಟದಲ್ಲಿ ಏನು ಕಂಡಿತು, ಪುಸ್ತಕ ಮುಚ್ಚಿಕೊಂಡೇ ಬರೆಯಿರಿ ಅಂದೆ. ಜೋರು ಗಂಟಲಿನವರು ಮೊದಲು ಮಾತಾಡಿದರೆ ಉಳಿದವರ ಅನಿಸಿಕೆ ಅವರ ಹಿಂದೆಯೇ ಹೋಗಿಬಿಡುತ್ತದೆ. ಬರೆದ ಮೇಲೆ ಯಾರೂ ತಮ್ಮದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಚೀಟಿಗಳನ್ನು ಓದಿ, ಒಂದೊಂದಕ್ಕೂ ಪುಸ್ತಕ ತೆರೆದು ನೋಡಿದೆವು. ಇಲ್ಲೇ ನಾನು ಬೆರಗಾದದ್ದು. ‘ಕೆಂಪು ರಕ್ತ ಚಿಮ್ಮುವುದು’ ಅಂತ ಬರೆದವರಿದ್ದರು. ಪುಟ ತೆರೆದರೆ ಕೆಂಪು ಎಲ್ಲಿದೆ? ಕಪ್ಪಿನ ಮೇಲೆ ಬಿಳಿ ಹನಿಗಳು. ತುಂಬ ಜನ ಬರೆದಿದ್ದು ಲೂಸಿಲ್‌ಳ ಕೈಯ ಪುಟ. ಮಾರ್ವ್‌ನ ಮೇಲ್ವಿಚಾರಣೆ ನೋಡಿಕೊಳ್ಳುವ ಪೆರೋಲ್ ಅಧಿಕಾರಿ ಆಕೆ. ಕೆವಿನ್ ಎಂಬ ನರಭಕ್ಷಕ ಅವಳ ಕೈ ತಿಂದಿರುತ್ತಾನೆ, ಅವಳ ಕಣ್ಣೆದುರೇ. ಒಬ್ಬರಂತೂ ಅವನು ತಿನ್ನುವ ಚಿತ್ರವನ್ನೇ ವರ್ಣಿಸಿ ಬರೆದಿದ್ದರು. ಹುಡುಕಿ ನೋಡಿದೆವು. ಅಂಥ ಚಿತ್ರವೇ ಇಲ್ಲ. ಅವಳು ಮಾರ್ವ್‌ಗೆ ಹೇಳುತ್ತಾಳೆ, ಅಷ್ಟೇ. ‘ಇಲ್ಲ, ನಾನು ನೋಡಿದೆ’ ಅಂತ ಅವರು ಪುಟಗಳನ್ನು ಹಿಂದೆ ಮುಂದೆ ತಿರುವುತ್ತಲೇ ಇದ್ದರು.

ಆಗ ನಾನು ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಬರೆದದ್ದನ್ನು ಹೇಳಿದೆ. ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ. ಮುಂದಿನ ಚೌಕದಲ್ಲಿ ರಾತ್ರಿಯ ಊರು, ಒಂದು ಚೀತ್ಕಾರ. ಕೊಡಲಿ ಬಿದ್ದದ್ದು ಎಲ್ಲಿ? ಎರಡು ಚೌಕಗಳ ನಡುವಿನ ಸಂದಿಯಲ್ಲಿ. ಬೀಳಿಸಿದವರು ನಾವು. ಇದನ್ನು ಕೇಳಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡಿದ್ದ ನರ್ಸ್ ಒಬ್ಬರು ಒಂದು ಮಾತು ಹೇಳಿದರು: ‘ಸಿನಿಮಾದಲ್ಲಿ ಕಣ್ಣು ಮುಚ್ಚಿಕೊಂಡ್ರೆ ಅಷ್ಟರಲ್ಲಿ ದೃಶ್ಯ ಮುಂದೆ ಹೋಗಿರುತ್ತೆ ಸಾರ್. ಇಲ್ಲಿ ಕಣ್ಣು ಬಿಟ್ರೆ ಅದು ಅಲ್ಲೇ ಕಾಯ್ತಾ ಇರುತ್ತೆ.’ ತೆರೆಗೂ ಪುಟಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ.

ನಕ್ಕವರೂ ಇದ್ದರು. ಮಾರ್ವ್ ಒಬ್ಬನ ಮುಖವನ್ನು ಓಡುತ್ತಿರುವ ಕಾರಿನಿಂದ ರಸ್ತೆಗೆ ಉಜ್ಜುತ್ತಾ ತಮಾಷೆ ಮಾಡುವ ಜಾಗ. ಹುಡುಗರಿಬ್ಬರು ಜೋರಾಗಿ ನಕ್ಕರು. ಅದೇ ನರ್ಸ್ ತಿರುಗಿ ನೋಡಿದರು. ‘ರಸ್ತೆಗೆ ಉಜ್ಜಿದ ಮುಖ ತೊಳೆದಿದ್ದೀನಿ ಕಣಪ್ಪಾ, ಕಲ್ಲು ಒಂದೊಂದಾಗಿ ತೆಗೀಬೇಕು’ ಅಂದರು. ಗದರಿಸಿ ಹೇಳಿದ್ದಲ್ಲ. ಹುಡುಗರಲ್ಲಿ ಒಬ್ಬ, ‘ಅಕ್ಕ, ಬರೆದವರೇ ನಗ್ಲಿ ಅಂತ ಬರ್ದಿದ್ದಾರೆ’ ಅಂದ. ಅವನ ಮಾತೂ ನಿಜ. ಇಂಥ ಕಡೆ ಯಾರ ಪರವೂ ತೀರ್ಪು ಕೊಡಬಾರದು. ಇಬ್ಬರೂ ಅದೇ ಪುಟ ಮತ್ತೆ ತೆರೆದು ಒಟ್ಟಿಗೆ ನೋಡಲಿ ಅಂತ ಬಿಟ್ಟೆ. ಬರೆದವರ ವಕೀಲಿಕೆ ಮಾಡದೆ ಇರುವುದು ಇಂಥ ಮಾತುಕತೆ ನಡೆಸುವವರಿಗೆ ಬಹಳ ಮುಖ್ಯ.

ಹಳೇ ಪತ್ತೇದಾರಿ ಕಾದಂಬರಿ ಓದಿ ಬೆಳೆದ ಹಿರಿಯರೊಬ್ಬರ ತೊಡಕು ಬೇರೆಯೇ. ‘ಎನ್. ನರಸಿಂಹಯ್ಯನವರಲ್ಲಿ ಪುರುಷೋತ್ತಮ ಬಂದು ಕೊಲೆಗಾರನನ್ನ ಹಿಡೀತಿದ್ದ. ನಾವು ಆರಾಮಾಗಿ ಅವನ ಪಕ್ಕ ನಿಂತ್ಕೋತಿದ್ವಿ. ಇಲ್ಲಿ ಪತ್ತೆ ಮಾಡೋನೇ ಕೊಲ್ತಾನೆ. ನಾನು ಯಾರ ಪಕ್ಕ ನಿಂತ್ಕೊಳ್ಳಲಿ?’ ಅವರ ಕೈ ನಿಂತದ್ದು ರಕ್ತದ ಪುಟದಲ್ಲಲ್ಲ. ಮಾರ್ವ್ ಸುಮ್ನೆ ಮಳೆಯಲ್ಲಿ ನಡೆಯುವ ಪುಟಗಳಲ್ಲಿ. ಕಪ್ಪಿನ ಮೇಲೆ ಬಿಳಿ ಗೆರೆಗಳ ಮಳೆ, ಅದರೊಳಗೆ ಒಂದು ಆಕಾರ. ಅಲ್ಲಿ ಮಾತ್ರ ಅವನ ಜೊತೆ ನಡೆಯಬಹುದು ಅನ್ನಿಸಿತಂತೆ.

ಹೆಣ್ಣುಮಕ್ಕಳ ಚೀಟಿಗಳಲ್ಲಿ ಹೆಚ್ಚಿನವು ಕೊಲೆಯ ಬಗ್ಗೆ ಇರಲೇ ಇಲ್ಲ. ‘ಲೂಸಿಲ್ ಅಧಿಕಾರಿ ಅಲ್ವಾ? ಅವಳಿಗೂ ಬಟ್ಟೆ ಯಾಕಿಲ್ಲ?’ ಅಂತ ಒಬ್ಬರು ಬರೆದಿದ್ದರು. ಗಂಡಸರು ಕಪ್ಪು ನೆರಳಲ್ಲಿ ಸಾಯುತ್ತಾರೆ, ಹೆಂಗಸರು ಬೆಳಕಲ್ಲಿ ಬೆತ್ತಲೆ ನಿಲ್ಲುತ್ತಾರೆ ಅಂತ ಇನ್ನೊಬ್ಬರು. ಪುಟ ತೆರೆದು ನೋಡಿದರೆ ಆ ದೂರನ್ನು ತಳ್ಳಿಹಾಕುವಂತಿರಲಿಲ್ಲ. ಈ ಶೈಲಿಯೇ ಹಾಗೆ, ಹಳೇ ಕ್ರೈಂ ಸಿನಿಮಾಗಳ ಪರಂಪರೆ ಅಂತ ಒಬ್ಬರು ಸಮಾಧಾನ ಹೇಳಲು ನೋಡಿದರು. ನನಗೆ ಆ ಸಮಾಧಾನ ಒಪ್ಪಿಗೆಯಾಗಲಿಲ್ಲ. ಹಾಗೆಂದೇ ಹೇಳಿದೆ. ಆ ಮಳೆಯ ಪುಟಗಳನ್ನು ನಾನು ಬಹಳ ಪ್ರೀತಿಸುತ್ತೇನೆ. ಲೂಸಿಲ್‌ಳನ್ನು ಬರೆದ ರೀತಿಯನ್ನು ಒಪ್ಪುವುದಿಲ್ಲ. ಎರಡೂ ಒಂದೇ ಪುಸ್ತಕದಲ್ಲಿವೆ. ಒಂದಕ್ಕಾಗಿ ಇನ್ನೊಂದನ್ನು ಬಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಜಾಸ್ತಿ ಹೊತ್ತು ಹಿಡಿದದ್ದು ಕೊನೆಯ ಭಾಗ. ಸಿಕ್ಕಿಬಿದ್ದ ಮಾರ್ವ್‌ನನ್ನು ಎಷ್ಟು ಹೊಡೆದರೂ ಅವನು ತಪ್ಪೊಪ್ಪಿಗೆಗೆ ಸಹಿ ಹಾಕುವುದಿಲ್ಲ. ‘ನಿನ್ನ ಅಮ್ಮನನ್ನು ಕೊಲ್ಲುತ್ತೇವೆ’ ಅಂದ ಕೂಡಲೇ ಹಾಕುತ್ತಾನೆ. ತಾನು ಮಾಡದ ಕೊಲೆಗಳನ್ನೂ ಒಪ್ಪಿಕೊಂಡು ವಿದ್ಯುತ್ ಕುರ್ಚಿ ಏರುತ್ತಾನೆ. ಅಲ್ಲಿವರೆಗೆ ಅವನನ್ನು ಬೈಯುತ್ತಿದ್ದವರು ಇಲ್ಲಿ ಮೆತ್ತಗಾದರು. ನಮ್ಮ ರೌಡಿ ಸಿನಿಮಾಗಳಲ್ಲಿ ತಾಯಿ ಸೆಂಟಿಮೆಂಟ್ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಿತು. 1954ರ ವಿಚಾರಣೆಯ ಕಥೆ ನಾನು ಹೇಳಿದ್ದು ಆಗ. ‘ಅಪರಾಧಿಗೆ ಶಿಕ್ಷೆ ಆಗಲೇಬೇಕು ಅನ್ನೋ ಕಟ್ಟಳೆ ಈ ಪುಸ್ತಕದಲ್ಲಿ ಪಾಲನೆ ಆಗಿದೆಯಾ?’ ಅಂತ ಕೇಳಿದೆ. ಆಗಿದೆ ಅಂದರು ಕೆಲವರು. ಶಿಕ್ಷೆ ಕೊಟ್ಟವರೇ ಅಪರಾಧಿಗಳಲ್ವಾ ಅಂದರು ಇನ್ನು ಕೆಲವರು. 1989ರಲ್ಲಿ ರೌಡಿ ಜಯರಾಜ್ ಕೊಲೆಯಾದ ಕಾಲದ ಬೆಂಗಳೂರನ್ನು ಕಂಡಿದ್ದ ಒಬ್ಬರು, ಆಗ ರಸ್ತೆಯಲ್ಲಿ ಜನ ಹೇಗೆ ಗುಂಪುಗೂಡಿ ಅದನ್ನೇ ಮಾತಾಡಿಕೊಳ್ಳುತ್ತಿದ್ದರು ಅಂತ ನೆನೆದರು. ಭಯ ಇತ್ತು, ಜೊತೆಗೆ ಕೇಳುವ ಚಪಲವೂ ಇತ್ತು ಅಂದರು.

ಇಡೀ ಹೊತ್ತು ಮಾತಾಡದೆ ಕೂತಿದ್ದ ಹೆಣ್ಣುಮಗಳೊಬ್ಬಳು ಕೊನೆಗೆ ಬಾಯಿ ಬಿಟ್ಟಳು. ‘ಅಮ್ಮನ ಮೇಲೆ ಪ್ರೀತಿ ಇದೆ ಅಂತ ಅವನನ್ನ ಬಿಟ್ಟುಬಿಡೋಕೆ ನಂಗಾಗಲ್ಲ. ಆದ್ರೆ ಅವನು ಸಾಯುವಾಗ ಪುಟ ತಿರುಗಿಸೋಕೂ ಆಗ್ಲಿಲ್ಲ.’ ಅವಳ ಚೀಟಿ ನೋಡಿದೆ. ಪುಟದ ವಿವರದ ಕೆಳಗೆ ಬೇರೆ ಏನೂ ಬರೆದಿರಲಿಲ್ಲ. ಅವಳ ಜೊತೆ ಪ್ರತಿ ಹಂಚಿಕೊಂಡಿದ್ದ ಹಿರಿಯರು, ‘ಹೌದು, ಅಲ್ಲಿ ನಾನೇ ತಿರುಗಿಸಿದ್ದು’ ಅಂದರು.