ಫೀಸಿನ ಮಾತು ಮೊದಲೇ ಆಡಬೇಕಿತ್ತು

ಎಂಟು ವರ್ಷ ಬೆಂಗಳೂರಿನ ಒಂದು ದೊಡ್ಡ ಲಾ ಫರ್ಮಿನಲ್ಲಿದ್ದೆ. ಕೆಲಸ ಕಲಿತದ್ದೇ ಅಲ್ಲಿ, ಆ ಋಣ ಇದೆ. ಆದರೆ ಅಷ್ಟೂ ವರ್ಷದಲ್ಲಿ ಒಬ್ಬ ಕಕ್ಷಿದಾರರಿಗೂ "ಇಷ್ಟು ಫೀಸಾಗುತ್ತದೆ" ಎಂದು ನನ್ನ ಬಾಯಿಂದ ಹೇಳಿರಲಿಲ್ಲ. ಬಿಲ್ ಕಳಿಸಲು ಬೇರೆಯವರಿದ್ದರು, ಫೈಲಿಂಗ್‌ಗೆ ಗುಮಾಸ್ತರಿದ್ದರು.

ಫರ್ಮ್ ಬಿಟ್ಟು ಸ್ವಂತವಾಗಿ ವಕೀಲಿಕೆ ಶುರು ಮಾಡುವ ಮೊದಲು ಹತ್ತು ತಿಂಗಳ ಮನೆಖರ್ಚು ಕೂಡಿಟ್ಟುಕೊಂಡೆ. ಗಾಂಧಿನಗರದಲ್ಲಿ, ಸಿಟಿ ಸಿವಿಲ್ ಕೋರ್ಟಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರ, ಇನ್ನೊಬ್ಬ ವಕೀಲರ ಆಫೀಸಿನಲ್ಲಿ ಒಂದು ಟೇಬಲ್ ಬಾಡಿಗೆಗೆ ಹಿಡಿದೆ. ಫರ್ಮಿನ ಕಕ್ಷಿದಾರರನ್ನು ಕರೆಯಲಿಲ್ಲ, ಅದು ನನಗೆ ಸರಿ ಅನ್ನಿಸಲಿಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಹಾಗಾಗಿ ಒಬ್ಬರು ಇನ್ನೊಬ್ಬರಿಗೆ ಹೇಳಿಯೇ ಕೇಸ್ ಬರಬೇಕು. ಮೊದಲ ಮೂರು ತಿಂಗಳು ಜಾಸ್ತಿ ಏನೂ ಬರಲಿಲ್ಲ. ಫೈಲಿಂಗ್ ಕೌಂಟರ್ ಮುಂದೆ ನಿಂತು, ಪುಟದ ನಂಬರ್ ತಪ್ಪಿದೆ, ಇಂಡೆಕ್ಸ್ ಸರಿಯಿಲ್ಲ, ಇಲ್ಲಿ ಸಹಿ ಬಿಟ್ಟಿದೆ ಅಂತ ವಾಪಸ್ ಬಂದ ಕಾಗದ ಸರಿ ಮಾಡುವುದನ್ನು ಕಲಿತೆ. ಪಕ್ಕದಲ್ಲಿ ನಿಂತಿದ್ದ ಹಿರಿಯ ಗುಮಾಸ್ತರೊಬ್ಬರು ತಾಳ್ಮೆಯಿಂದ ತೋರಿಸಿಕೊಟ್ಟರು.

ಆಮೇಲೆ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಒಬ್ಬರು ಬಂದರು. ಚೆಕ್ ಬೌನ್ಸ್ ಕೇಸ್. ಚೆಕ್ ವಾಪಸ್ಸಾಗಿದೆ ಎಂದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಕೊಡಬೇಕು, ಅವರು ಬಂದದ್ದು 27ನೇ ದಿನ ಸಂಜೆ. "ಎಷ್ಟಾಗುತ್ತೆ ಮೇಡಂ?" ಅಂತ ಕೇಳಿದರು. "ಮೊದಲು ನೋಟಿಸ್ ಹೋಗಲಿ, ಆಮೇಲೆ ನೋಡೋಣ" ಅಂದೆ. ಅವಸರ ಇತ್ತು ನಿಜ, ಆದರೆ ಹಣದ ಮಾತಾಡಲು ಸಂಕೋಚವೂ ಇತ್ತು. ರಾತ್ರಿಯೇ ಕೂತು ನೋಟಿಸ್ ಬರೆದೆ, ಮರುದಿನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ನೋಟಿಸ್ ತಲುಪಿದ ಮೇಲಿನ 15 ದಿನದಲ್ಲೂ ಹಣ ಬರಲಿಲ್ಲ. ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು, ದಾಖಲಿಸಿದೆ.

ಅವರು ಆರಂಭದಲ್ಲಿ ಕೊಟ್ಟ ಹಣ ನೋಟಿಸ್‌ಗೆ ಅಂತ ನಾನು ಅಂದುಕೊಂಡಿದ್ದೆ. ಇಡೀ ಕೇಸಿಗೆ ಅಂತ ಅವರು ಅಂದುಕೊಂಡಿದ್ದರು. ಸಮನ್ಸ್ ಜಾರಿಯಾಗದೆ ವಾಯಿದೆ ಮೇಲೆ ವಾಯಿದೆ ಬಿದ್ದಾಗ ಈ ವಿಷಯ ಹೊರಗೆ ಬಂತು. "ನೀವು ಆವತ್ತೇ ಹೇಳಬೇಕಿತ್ತಲ್ವಾ ಮೇಡಂ?" ಅಂದರು. ಹೌದು, ಹೇಳಬೇಕಿತ್ತು. ಬೇರೆ ವಕೀಲರ ಹತ್ತಿರ ಹೋಗುತ್ತೇನೆ, ಫೈಲ್ ಕೊಡಿ ಅಂದರು. ಫೀಸ್ ಬಾಕಿ ಇದೆ ಅಂತ ಕಕ್ಷಿದಾರರ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ರಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಆ ಸಂಜೆಯೇ ಫೈಲ್ ಕೊಟ್ಟೆ, ಬೇರೆ ವಕೀಲರನ್ನು ಇಟ್ಟುಕೊಳ್ಳಲು ನನ್ನ ಆಕ್ಷೇಪವಿಲ್ಲ ಎನ್ನುವ ಎನ್‌ಒಸಿಯನ್ನೂ ಬರೆದುಕೊಟ್ಟೆ. ಮನಸ್ಸಿಗೆ ತುಂಬಾ ನೋವಾಯಿತು, ಹಣಕ್ಕಿಂತ ಜಾಸ್ತಿ ಅವರ ನಂಬಿಕೆ ಹೋಯಿತಲ್ಲ ಅಂತ.

ಈಗ ವಕಾಲತ್ತಿಗೆ, ಅಂದರೆ ಕೇಸ್ ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಿಸುವ ಮೊದಲು ಒಂದು ಹಾಳೆ ಕೊಡುತ್ತೇನೆ, ಕನ್ನಡದಲ್ಲಿ. ನೋಟಿಸ್‌ಗೆ ಎಷ್ಟು, ದಾಖಲಿಸಲು ಎಷ್ಟು, ಸಾಕ್ಷಿ ಹಂತಕ್ಕೆ ಎಷ್ಟು, ಟೈಪಿಂಗ್ ಜೆರಾಕ್ಸ್ ಖರ್ಚು ಯಾರದ್ದು, ಅಪೀಲಿಗೆ ಹೋದರೆ ಬೇರೆ ಫೀಸ್, ಎಲ್ಲಾ ಅದರಲ್ಲಿದೆ. ಓದಲು ಬಾರದವರಿಗೆ ಓದಿ ಹೇಳುತ್ತೇನೆ. "ಗೆದ್ದ ಮೇಲೆ ಇಷ್ಟು ಪರ್ಸೆಂಟ್ ತಗೊಳ್ಳಿ" ಅನ್ನುವವರಿಗೆ ನಿಯಮ ಅದನ್ನು ಒಪ್ಪುವುದಿಲ್ಲ ಅಂತ ಅಲ್ಲೇ ಹೇಳಿಬಿಡುತ್ತೇನೆ. ಫರ್ಮ್ ಬಿಡುವ ಯೋಚನೆಯಲ್ಲಿರುವವರು ಬೋರ್ಡ್ ಬರೆಸುವ ಮೊದಲು ಈ ಹಾಳೆ ಬರೆದಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ನೆಂಟರ ವಿಷಯದಲ್ಲಿ ಮಾತ್ರ ಇನ್ನೂ ಕಷ್ಟ. ಮೊನ್ನೆ ಚಿಕ್ಕಪ್ಪ ಜಮೀನಿನ ಕೇಸ್ ತಂದರು. ಕೈ ನಡುಗುತ್ತಿದ್ದರೂ ಅವರಿಗೂ ಅದೇ ಹಾಳೆ ಕೊಟ್ಟೆ. ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಎರಡು ದಿನ ಫೋನಿಲ್ಲ. ಮೂರನೇ ದಿನ ಪಹಣಿ, ಮ್ಯುಟೇಷನ್ ಎಲ್ಲಾ ಹಿಡಿದುಕೊಂಡು ಆಫೀಸಿಗೆ ಬಂದರು.