ಅಭ್ಯರ್ಥಿಗಳ ಟಿ.ವಿ. ಚರ್ಚೆಗೆ ಕೂರುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹರಾಜಿನಲ್ಲಿ ಪಳಗಿದ ವ್ಯಾಪಾರಿ ಬಾಕ್ಸಿನ ಮೇಲಿನ ಸಾಲು ನೋಡಿ ರೇಟು ಕೂಗುವುದಿಲ್ಲ, ತಳಕ್ಕೆ ಕೈ ಹಾಕಿ ಹಣ್ಣು ಎತ್ತುತ್ತಾನೆ. ಆ ಪಾಠ ಮರೆತು ನಾನು ಒಮ್ಮೆ ಕೇಬಲ್ ಚರ್ಚೆಯಲ್ಲಿ ಗಟ್ಟಿ ದನಿಯಲ್ಲಿ ಮಾತಾಡಿದವರಿಗೆ ವೋಟು ಹಾಕಿದೆ. ಮರುದಿನ ನೆನಪಿಸಿಕೊಂಡರೆ ದನಿ ಬಿಟ್ಟು ಒಂದು ಮಾತೂ ನೆನಪಿರಲಿಲ್ಲ. ಅಂದಿನಿಂದ ಹೀಗೆ ನೋಡುತ್ತೇನೆ.

ಚರ್ಚೆಗೆ ಮುಂಚೆಯೇ ಮೂರು ಪ್ರಶ್ನೆ ಬರೆದುಕೊಳ್ಳಿ. ನನ್ನ ಮೊದಲನೆಯದು ಕೆ.ಸಿ. ವ್ಯಾಲಿ ನೀರಿನ ಯೋಜನೆಯದೇ: 2018ರಿಂದ ಬೆಂಗಳೂರಿನ ಎರಡು ಹಂತದಲ್ಲಷ್ಟೇ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ, ಮೂರನೇ ಹಂತದ ಶುದ್ಧೀಕರಣಕ್ಕೆ ಏನು ಮಾಡುತ್ತೀರಿ? ಪಕ್ಕದಲ್ಲಿ ಖಾಲಿ ಕಾಲಂ ಬಿಡಿ. ಮೊತ್ತ, ತಾರೀಕು, ಇಲಾಖೆ, ಇವುಗಳಲ್ಲೊಂದು ಬಾಯಿಗೆ ಬಂದರೆ ಮಾತ್ರ ಬರೆಯಿರಿ. ‘ನಾವು ಬದ್ಧರಾಗಿದ್ದೇವೆ’ ಅಂದರೆ ಗೀಟು ಎಳೆಯಿರಿ. ಜೊತೆಗೆ ಪ್ರತಿ ಅಭ್ಯರ್ಥಿಯ ಬಗ್ಗೆ ನಿಮಗೆ ಮೊದಲೇ ಇರುವ ಅನುಮಾನವನ್ನೂ ಬರೆದಿಡಿ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಶುರುವಾದ ಮೇಲೆ ಹತ್ತು ನಿಮಿಷ ಪರದೆಗೆ ಬೆನ್ನು ಹಾಕಿ ಕೇಳಿ. 1960ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಕೆನಡಿ–ನಿಕ್ಸನ್ ಟಿ.ವಿ. ಚರ್ಚೆಯನ್ನು ಸುಮಾರು 7 ಕೋಟಿ ಅಮೆರಿಕನ್ನರು ನೋಡಿದರು. ಮೊಣಕಾಲಿನ ಸೋಂಕಿಗೆ ಆಸ್ಪತ್ರೆ ಸೇರಿ ಬಂದಿದ್ದ ನಿಕ್ಸನ್ ಸೊರಗಿದ್ದರು, ಸರಿಯಾಗಿ ಮೇಕಪ್ಪೂ ಹಾಕಿಸಿಕೊಂಡಿರಲಿಲ್ಲ. ರೇಡಿಯೊ ಕೇಳಿದವರಿಗೆ ಅವರೇ ಗೆದ್ದಂತೆ ಅನಿಸಿತು ಅನ್ನುವ ಕತೆಗೆ ಪುರಾವೆ ತೆಳು. ಆದರೂ ಮುಖವೊಂದು ಉತ್ತರವನ್ನು ಮರೆಸಬಲ್ಲದು ಎಂಬುದನ್ನು ನಾನೇ ಅನುಭವಿಸಿದ್ದೇನೆ.

ಮುಗಿದ ತಕ್ಷಣ ಮೊಬೈಲ್ ಮುಟ್ಟಬೇಡಿ. ಇದು ಎಲ್ಲಕ್ಕಿಂತ ಮುಖ್ಯ. 1976ರ ಅಕ್ಟೋಬರ್ 6ರಂದು ಅಮೆರಿಕದ ಅಧ್ಯಕ್ಷ ಫೋರ್ಡ್, ಎದುರಾಳಿ ಕಾರ್ಟರ್ ಜೊತೆಗಿನ ಚರ್ಚೆಯಲ್ಲಿ, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂದುಬಿಟ್ಟರು. ಆಗ ಆ ಹಿಡಿತ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಆ ರಾತ್ರಿ ಸಮೀಕ್ಷೆಯವರು ಫೋನ್ ಮಾಡಿದಾಗ ಫೋರ್ಡ್ ಗೆದ್ದರು ಅಂದವರೇ ಹೆಚ್ಚು. ಮರುದಿನವೆಲ್ಲ ಸುದ್ದಿಯವರು ಆ ಒಂದು ತಪ್ಪನ್ನೇ ಹೇಳಿ ಹೇಳಿ, ಸಂಜೆಯ ಹೊತ್ತಿಗೆ ಬಹುಪಾಲು ಜನ ಕಾರ್ಟರ್ ಗೆದ್ದರು ಅನ್ನತೊಡಗಿದರು. ಚರ್ಚೆ ಅದೇ, ಬದಲಾದದ್ದು ಅದರ ಮೇಲಿನ ಮಾತು. ಈಗ ಆ ಕೆಲಸವನ್ನು ವಾಟ್ಸಾಪಿನ ಅರ್ಧ ನಿಮಿಷದ ಕ್ಲಿಪ್ ಮಾಡುತ್ತದೆ. ಹಾಗಾಗಿ ನಿಮ್ಮ ತೀರ್ಮಾನ ಬರೆದು, ತಾರೀಕು ಹಾಕಿ, ಆಮೇಲೆ ಮೊಬೈಲ್ ತೆಗೆಯಿರಿ.

ಇನ್ನು ಆ ಅನುಮಾನದ ಸಾಲು. 2010ರ ಚುನಾವಣೆಯಲ್ಲಿ ಬ್ರಿಟನ್ನಿನ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ ನಿಕ್ ಕ್ಲೆಗ್ ಮೊದಲ ಚರ್ಚೆಯಲ್ಲೇ ಮಿಂಚಿದರು, ಆದರೂ ಅವರ ಪಕ್ಷಕ್ಕೆ ಸಿಕ್ಕಿದ್ದು 57 ಸೀಟು, ಹಿಂದಿನ ಸಲಕ್ಕಿಂತ ಕಡಿಮೆ. 2024ರ ಜೂನ್ 27ರ ಚರ್ಚೆಯಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಬೈಡನ್ ತಡವರಿಸಿದರು, ಜುಲೈ 21ಕ್ಕೆ ಕಣದಿಂದಲೇ ಹಿಂದೆ ಸರಿದರು. ಅವರ ವಯಸ್ಸಿನ ಚಿಂತೆ ಜನಕ್ಕೆ ಮೊದಲೇ ಇತ್ತು, ಚರ್ಚೆ ಅದನ್ನು ಕಣ್ಣಿಗೆ ತೋರಿಸಿತು. ಹಳೇ ಅನುಮಾನಕ್ಕೆ ತಾಗಿದ ಎಡವಟ್ಟೇ ಆಳಕ್ಕೆ ಇಳಿಯುತ್ತದೆ ಅಂತ ನನ್ನ ಲೆಕ್ಕ. ಆದ್ದರಿಂದ ನೀವು ಬರೆದಿಟ್ಟ ಸಾಲನ್ನು ಮತ್ತೆ ಓದಿ: ಹೊಸದೇನಾದರೂ ಕಂಡಿತೋ, ಮೊದಲೇ ನಂಬಿದ್ದೇ ಮತ್ತೆ ಕಂಡಿತೋ?

ನಮ್ಮಲ್ಲಿ ಪ್ರಧಾನಿ ಅಭ್ಯರ್ಥಿಗಳು ಎದುರುಬದುರು ನಿಂತು ಚರ್ಚಿಸುವ ಪದ್ಧತಿ ಬೆಳೆದಿಲ್ಲ. ಊರಿನ ಕೇಬಲ್‌ನಲ್ಲೋ ಯೂಟ್ಯೂಬ್‌ನಲ್ಲೋ ಕ್ಷೇತ್ರದ ಅಭ್ಯರ್ಥಿಗಳು ಒಟ್ಟಿಗೆ ಕೂತರೆ ದಯವಿಟ್ಟು ತಪ್ಪಿಸಬೇಡಿ. ನೋಟ್‌ಬುಕ್ಕನ್ನು ಮನೆ ಬಾಗಿಲ ಹತ್ತಿರವೇ ಇಟ್ಟಿರಿ. ವೋಟು ಕೇಳಲು ಅವರು ಬಂದಾಗ, ಗೀಟು ಎಳೆದ ಪ್ರಶ್ನೆಯಿಂದಲೇ ಮಾತು ಶುರು ಮಾಡಿ.