45 ದಿನದ ನಿಯಮ ಹಿಡಿದು ಬಾಕಿ ವಸೂಲಿ ಮಾಡಿದ್ದು: ನನ್ನ ಅನುಭವ

ಪೀಣ್ಯದಲ್ಲಿ ನಾನು ಲೆಕ್ಕ ನೋಡುವ ಒಂದು ಮೆಷಿನ್ ಶಾಪ್‌ಗೆ ಒಂದೇ ಕಂಪನಿಯಿಂದ ಸುಮಾರು 22 ಲಕ್ಷ ಬರಬೇಕಿತ್ತು. ಅದರಲ್ಲಿ ಹತ್ತಿರ ಹತ್ತಿರ 19 ಲಕ್ಷ 2025ರ ಮಾರ್ಚ್ 31ರೊಳಗೆ ಬ್ಯಾಂಕಿಗೆ ಬಂತು. ಈ ಸಲ ವಕೀಲರಿಲ್ಲ, ಜಗಳವಿಲ್ಲ, ಆರ್ಡರೂ ನಿಲ್ಲಲಿಲ್ಲ. ಕೆಲಸಕ್ಕೆ ಬಂದದ್ದು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಂ: ಮೈಕ್ರೋ, ಸ್ಮಾಲ್ (ಅತಿ ಸಣ್ಣ, ಸಣ್ಣ) ಉದ್ಯಮಗಳ ಬಿಲ್ ದುಡ್ಡನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡದಿದ್ದರೆ, ಕೊಳ್ಳುವ ಕಂಪನಿ ಆ ಖರ್ಚನ್ನು ದುಡ್ಡು ಕೊಟ್ಟ ವರ್ಷವಷ್ಟೇ ಆದಾಯದಿಂದ ಕಳೆಯಬಹುದು. "43ಬಿ(ಎಚ್) ಎಲ್ಲ ಪೇಪರ್ ಮೇಲೆ, ದೊಡ್ಡ ಕಂಪನಿಯವರು ಇದಕ್ಕೆಲ್ಲ ಹೆದರುತ್ತಾರಾ?" ಎಂದು ನಕ್ಕಿದ್ದ ಗೆಳೆಯರೇ ಈಗ ಫಾರ್ಮ್ಯಾಟ್ ಕಳಿಸು ಅಂತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಪರ್ಚೇಸ್‌ನವರಿಗೆ ಫೋನ್ ಮೇಲೆ ಫೋನ್. "ಬಿಲ್ ಸಿಸ್ಟಮ್‌ನಲ್ಲಿದೆ, ಮುಂದಿನ ವಾರ ಬರುತ್ತೆ." ಈ ಮುಂದಿನ ವಾರ ತಿಂಗಳುಗಟ್ಟಲೆ ಬರಲೇ ಇಲ್ಲ. ಆಮೇಲೆ ಲಾಯರ್ ನೋಟಿಸ್. ಫೀಸು ಎಂಟೋ ಹತ್ತೋ ಸಾವಿರ ಹೋಯ್ತು. ಉತ್ತರ ಬರಲಿಲ್ಲ, ಒಂದೆರಡು ತಿಂಗಳು ಹೊಸ ಪಿಒ (ಪರ್ಚೇಸ್ ಆರ್ಡರ್) ಕೂಡ ಬರಲಿಲ್ಲ. ಕೊನೆಗೆ ಸಣ್ಣ ಉದ್ಯಮಗಳು ಬಾಕಿ ಬಗ್ಗೆ ದೂರು ಕೊಡುವ ಸರ್ಕಾರಿ ಸಮಾಧಾನ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಗಟ್ಟಿಯಾಗಿಯೇ ಇದೆ. ತಡವಾದರೆ ಆರ್‌ಬಿಐ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಆಗ ಬ್ಯಾಂಕ್ ರೇಟ್ 6.75 ಇತ್ತು. ಅಂದರೆ 20.25 ಪರ್ಸೆಂಟ್! ಬಡ್ಡಿಯೇ ಎರಡೂವರೆ ಮೂರು ಲಕ್ಷ ಆಗುತ್ತಿತ್ತು. ಆದರೆ ಮಾಲೀಕರು ಸಬ್ಮಿಟ್ ಒತ್ತಲು ಬಿಡಲಿಲ್ಲ. "ಆರ್ಡರ್ ಹೋದರೆ ಸಿಎನ್‌ಸಿ ಮೆಷಿನ್‌ಗಳ ಇಎಂಐ ನೀವು ಕಟ್ತೀರಾ ಸಾರ್?" ಅಂದರು. ಅವರು ಹೇಳುವುದೂ ನ್ಯಾಯವೇ ಅಲ್ವಾ.

2024ರ ಮಾರ್ಚ್, ಅಂದರೆ ನಿಯಮದ ಮೊದಲ ವರ್ಷ, ನಮಗೆ ಇನ್ನೂ ಕಷ್ಟವಾಯ್ತು. ಇನ್ನೊಬ್ಬ ಕ್ಲೈಂಟ್‌ಗೆ ಅವರ ಖರೀದಿದಾರರು "ಉದ್ಯಮ್ ರಿಜಿಸ್ಟ್ರೇಷನ್ ರದ್ದು ಮಾಡಿಸಿ, ಇಲ್ಲಾಂದ್ರೆ ಬೇರೆಯವರನ್ನು ನೋಡ್ತೇವೆ" ಅಂದರು. ಉದ್ಯಮ್ ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ; ಅದಿಲ್ಲದಿದ್ದರೆ ಈ ನಿಯಮದ ತಲೆನೋವು ಅವರಿಗಿಲ್ಲ. ಕ್ಲೈಂಟ್ ರದ್ದು ಮಾಡಿಸಲು ಹೊರಟೇಬಿಟ್ಟಿದ್ದರು. ಬ್ಯಾಂಕ್ ಸಾಲಕ್ಕೂ ಅದೇ ನಂಬರ್ ಆಧಾರ ಎಂದು ನೆನಪಿಸಿ ತಡೆದೆ.

ಆಗ ತಲೆಗೆ ಹೊಳೆದದ್ದು ಇಷ್ಟು. ಬಿಲ್ ತಡವಾದರೆ ಪರ್ಚೇಸ್ ಮ್ಯಾನೇಜರ್‌ಗೆ ಏನೂ ನಷ್ಟವಿಲ್ಲ. ತೆರಿಗೆ ಜಾಸ್ತಿ ಬಿದ್ದರೆ ಉತ್ತರ ಕೊಡಬೇಕಾದವರು ಫೈನಾನ್ಸ್‌ನವರು. ಹಾಗಾಗಿ ಪರ್ಚೇಸ್ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ದುಡ್ಡು ಕೊಡಿ ಎಂದೂ ಕೇಳಲಿಲ್ಲ. 2025ರ ಜನವರಿ ಕೊನೆಯಲ್ಲಿ ಆ 22 ಲಕ್ಷದ ಕಂಪನಿಯ ಫೈನಾನ್ಸ್‌ಗೆ ಒಂದು ಬ್ಯಾಲೆನ್ಸ್ ಕನ್ಫರ್ಮೇಷನ್ (ಇಷ್ಟು ಬಾಕಿ ಇದೆ, ಸರಿಯೇ ಎಂದು ಕೇಳುವ ಪತ್ರ) ಕಳಿಸಿದೆ. ಅದು ಎಲ್ಲರೂ ಕಳಿಸುವ ಕಾಗದ, ಯಾರಿಗೂ ಸಿಟ್ಟು ಬರುವುದಿಲ್ಲ. ಅದರಲ್ಲಿ ಎರಡು ಮೂರು ಕಾಲಂ ಜಾಸ್ತಿ ಹಾಕಿದ್ದೆ: ಮಾಲು ತಲುಪಿದ ದಿನ, 45ನೇ ದಿನ, ಜಿಎಸ್‌ಟಿ ಬಿಟ್ಟು ಎಷ್ಟು ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಅವರಿಗೆ ಕಳೆಯಲು ಬರುವುದಿಲ್ಲ. 18 ಲಕ್ಷ ಖರ್ಚು ಬಿದ್ದುಹೋದರೆ, 25.17 ಪರ್ಸೆಂಟ್ ಕಂಪನಿ ತೆರಿಗೆ ರೇಟ್‌ನಲ್ಲಿ ಸುಮಾರು ನಾಲ್ಕೂವರೆ ಲಕ್ಷ ತೆರಿಗೆ ಜಾಸ್ತಿ. ಮುಂದೆ ಬಿಲ್‌ನ ದುಡ್ಡು ಕೊಟ್ಟ ವರ್ಷ ಅದು ಕಳೆಯಲು ಸಿಗುತ್ತದೆ, ನಿಜ. ಆದರೆ ಈ ವರ್ಷದ ತೆರಿಗೆಗೆ ದುಡ್ಡು ಈಗಲೇ ಹೊಂದಿಸಬೇಕಲ್ಲ. ಪಿಎಫ್, ಜಿಎಸ್‌ಟಿ ತರಹ ರಿಟರ್ನ್ ಹಾಕುವ ಮುಂಚೆ ಕಟ್ಟಿ ತಪ್ಪಿಸಿಕೊಳ್ಳುವ ಅವಕಾಶ ಇದಕ್ಕಿಲ್ಲ. ಪಿಒದಲ್ಲಿ 90 ದಿನ ಎಂದಿದ್ದರೂ 45ರ ಮೇಲೆ ಲೆಕ್ಕಕ್ಕಿಲ್ಲ. ಬರವಣಿಗೆಯ ಒಪ್ಪಂದವೇ ಇಲ್ಲದಿದ್ದರೆ ಬರೀ 15 ದಿನ. ಮುಂದೆ ಮಾರ್ಚ್‌ನಲ್ಲಿ ಇದನ್ನೇ ಮತ್ತೆ ಕಳಿಸುವಾಗ ಫೆಬ್ರವರಿ ಮಧ್ಯಕ್ಕಿಂತ ಹಿಂದಿನ ಬಿಲ್‌ಗಳನ್ನು ಮಾತ್ರ ಹಳದಿ ಮಾಡಿದೆ, 45 ದಿನದ ಗಡುವು ಮಾರ್ಚ್ ಒಳಗೆ ಮುಗಿಯುವುದು ಅವಕ್ಕೇ.

ಕವರಿಂಗ್ ಮೇಲ್‌ನ ಎರಡನೇ ಪ್ಯಾರಾ ಏನು, ಸಿಸಿಯಲ್ಲಿ ಯಾರಿದ್ದರು ಅನ್ನುವುದನ್ನು ಇಲ್ಲಿ ಹೇಳಲ್ಲ. ಅದು ನನ್ನ ಅನ್ನ.

ನಿಜವಾದ ಕೆಲಸ ಇದ್ದದ್ದು ತಾರೀಖಿನಲ್ಲಿ. ಅವರು ಜಿಆರ್‌ಎನ್ (ಮಾಲು ಸ್ವೀಕರಿಸಿದ್ದಕ್ಕೆ ಅವರೇ ಮಾಡುವ ದಾಖಲೆ) ದಿನದಿಂದ ಎಣಿಸುತ್ತಾರೆ. ಅದು ಆಗುವುದೇ ಮಾಲು ಹೋಗಿ ಹತ್ತು ಹದಿನೈದು ದಿನ ಬಿಟ್ಟು. ಕಾಯ್ದೆ ಪ್ರಕಾರ ಮಾಲು ಕೈಸೇರಿದ ದಿನವೇ ಲೆಕ್ಕ, 15 ದಿನದೊಳಗೆ ಲಿಖಿತ ತಕರಾರು ಬಂದಿರದಿದ್ದರೆ. ನಮ್ಮ ಹತ್ತಿರ ಇದ್ದ ಸಾಕ್ಷಿ ಎಂದರೆ ಚಲನ್‌ನ ಕಾರ್ಬನ್ ಕಾಪಿ, ಅದರ ಮೇಲೆ ಗೇಟ್ ಸೆಕ್ಯುರಿಟಿಯವರು ಒತ್ತಿದ ನೇರಳೆ ಇನ್‌ವರ್ಡ್ ಸೀಲ್. ಅರ್ಧಕ್ಕರ್ಧ ಸೀಲ್‌ಗಳಲ್ಲಿ ತಾರೀಖು 3ಓ 8ಓ ಗೊತ್ತೇ ಆಗದು. ಅಂಥವಕ್ಕೆ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ತಾಳೆ ನೋಡಿ ಒಂದೊಂದೇ ಹೊಂದಿಸಿದೆ. ಈಗ ಟೆಂಪೋ ಡ್ರೈವರ್‌ಗೆ ಹೇಳಿಬಿಟ್ಟಿದ್ದೇನೆ: ಸೀಲ್ ಪಕ್ಕದಲ್ಲಿ ಪೆನ್ನಿನಲ್ಲಿ ತಾರೀಖು, ಗೇಟ್ ರಿಜಿಸ್ಟರ್ ನಂಬರ್ ಬರೆಸದೆ ವಾಪಸ್ ಬರಬೇಡ.

ಮೊದಲ ಮೇಲ್‌ಗೆ ಸದ್ದಿಲ್ಲ. ಮಾರ್ಚ್ ಮೊದಲ ವಾರ ಅದನ್ನೇ ಹೊಸ ಅಂಕಿ ಹಾಕಿ ಕಳಿಸಿದೆ. ಎರಡೇ ದಿನಕ್ಕೆ ಅವರ ಅಕೌಂಟ್ಸ್‌ನಿಂದ ಫೋನ್, ಉದ್ಯಮ್ ಸರ್ಟಿಫಿಕೇಟ್ ಬೇಕಂತೆ. ಅಲ್ಲಿಂದ ಕಂತು ಕಂತಾಗಿ ಬಂತು. ಉಳಿದ ಮೂರು ಲಕ್ಷ ರಿಜೆಕ್ಷನ್ ತಕರಾರಿನಲ್ಲಿ ಸಿಕ್ಕಿಕೊಂಡಿದೆ. ಅಲ್ಲಿ ಅವರು ಸಮಯಕ್ಕೆ ಸರಿಯಾಗಿ ಮೇಲ್ ಹಾಕಿದ್ದಾರೆ, ನಮ್ಮ ಪಿನ್ ಸೈಜ್ ಕೂಡ ಸ್ವಲ್ಪ ಆಚೀಚೆ ಇತ್ತು.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಒಂದು ಕಡೆ ತಡವಾದ ಬಡ್ಡಿಗೆ ಡೆಬಿಟ್ ನೋಟ್ (ಇಷ್ಟು ಹೆಚ್ಚುವರಿ ಕೊಡಬೇಕೆಂಬ ಚೀಟಿ) ಕಳಿಸಿದೆ, 40 ಸಾವಿರದ ಆಸುಪಾಸು. ಆ ಬಡ್ಡಿ ಬಂದರೆ ಅದರ ಮೇಲೂ ನಾವು ಜಿಎಸ್‌ಟಿ ಕಟ್ಟಬೇಕು, ಅವರಿಗೋ ಅದು ಖರ್ಚು ಎಂದು ಕಳೆಯಲು ಬರುವುದಿಲ್ಲ. ಇಬ್ಬರಿಗೂ ಬೇಡವಾದ ದುಡ್ಡು, ಅಲ್ಲಿಗೇ ಬಿಟ್ಟೆ. ಇನ್ನೊಂದು ಟ್ರೆಡ್ಸ್, ಅಂದರೆ ಖರೀದಿದಾರರು ಒಪ್ಪಿದ ಬಿಲ್ ಮೇಲೆ ಬ್ಯಾಂಕುಗಳು ಮುಂಚೆಯೇ ದುಡ್ಡು ಕೊಡುವ ಆನ್‌ಲೈನ್ ವೇದಿಕೆ. 250 ಕೋಟಿ ವಹಿವಾಟು ದಾಟಿದ ಕಂಪನಿಗಳು 2025ರ ಮಾರ್ಚ್ ಒಳಗೆ ಅದರಲ್ಲಿ ಸೇರಲೇಬೇಕಿತ್ತು. ಸೇರುವುದು ಕಡ್ಡಾಯ, ಬಿಲ್ ಒಪ್ಪುವುದು ಕಡ್ಡಾಯವಲ್ಲ. ನಮ್ಮ ಇನ್‌ವಾಯ್ಸ್ ಅಲ್ಲಿ ಬಿದ್ದೇ ಇತ್ತು.

ಕಂಪನಿಗಳ ಟ್ಯಾಕ್ಸ್ ಆಡಿಟ್‌ನ 3ಸಿಡಿ ಫಾರ್ಮ್‌ನಲ್ಲಿ 22ನೇ ಕಲಂ 2025ರಲ್ಲಿ ಬದಲಾಯ್ತು. ಮೈಕ್ರೋ, ಸ್ಮಾಲ್‌ನವರಿಗೆ ಕೊಡಬೇಕಾದದ್ದೆಷ್ಟು, ಸಮಯಕ್ಕೆ ಕೊಟ್ಟದ್ದೆಷ್ಟು ಎಂದು ಬಿಡಿಸಿ ಬರೆಯಬೇಕಾಯ್ತು. ನಮ್ಮ ಕಾಗದಕ್ಕೆ ಬೆಲೆ ಬಂದಿರುವುದಕ್ಕೆ ಇದೂ ಕಾರಣ ಅನಿಸುತ್ತದೆ.

ಬೇರಿಂಗ್ ಮಾರುವ ಒಬ್ಬ ಟ್ರೇಡರ್ ಕ್ಲೈಂಟ್ ತಮಗೂ ಹೀಗೇ ಮಾಡಿಕೊಡಿ ಎಂದು ಹಿಂದೆ ಬಿದ್ದಿದ್ದಾರೆ. ಉದ್ಯಮ್ ನಂಬರ್ ಇದ್ದರೂ ಟ್ರೇಡರ್‌ಗೆ ಅದು ಬ್ಯಾಂಕ್ ಸಾಲಕ್ಕೆ ಮಾತ್ರ, 45 ದಿನದ ರಕ್ಷಣೆ ಇಲ್ಲ. ಮೀಡಿಯಂ (ಮಧ್ಯಮ ಗಾತ್ರದ ಉದ್ಯಮ) ಆದವರಿಗೂ ಈ ತೆರಿಗೆ ನಿಯಮ ಇಲ್ಲ. ಅವರಿಗೆ ಇನ್ನೂ ಫೋನೇ ಗತಿ.